ಅದಿರೇ ನೆತ್ತಿಯಾದ ಬೆಟ್ಟ

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರೈಲಿನಲ್ಲಿ ಯಾವ ಕಿಟಕಿಯ ಪಕ್ಕ ಕೂರಬೇಕು ಎಂದು ತೀರ್ಮಾನಿಸುವುದು ಕಷ್ಟ. ಎಡಗಡೆ ಗುಂಡುಗಳ ರಾಜ್ಯ. ಹಂಪಿಯಲ್ಲಿ ಎಲ್ಲರೂ ಕಂಡಿರುವ ಅದೇ ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ಕೂತು, ಈಗ ಉರುಳೀತು, ಇನ್ನೊಂದು ಗಳಿಗೆಗೆ ಉರುಳೀತು ಎನ್ನುವ ಹಾಗೆ ನಿಂತಿರುತ್ತವೆ. ಬಲಗಡೆ, ತುಸು ದೂರದಲ್ಲಿ, ಉದ್ದಕ್ಕೆ ಒಂದು ಗೋಡೆ. ಅದಕ್ಕೆ ಶಿಖರವಿಲ್ಲ, ಮೊನಚಿಲ್ಲ, ಬೋಳು ಬಂಡೆಯೂ ಇಲ್ಲ. ಮೈಮೇಲೆ ಹುಲ್ಲು, ಕುರುಚಲು ಕಾಡು. ನೆತ್ತಿ ಮಾತ್ರ ಮೈಲುಗಟ್ಟಲೆ ಮಟ್ಟಸ. ಒಂದೇ ಸೀಮೆಯ ಒಂದೇ ಬಿಸಿಲು, ಒಂದೇ ಗಾಳಿಗೆ ಮೈಯೊಡ್ಡಿದ ಎರಡು ಬಗೆಯ ಬೆಟ್ಟಗಳು ಹೀಗೆ ಬೇರೆ ಬೇರೆ ರೂಪ ತಳೆದದ್ದು ಯಾಕೆ ಎಂಬ ಪ್ರಶ್ನೆ ಹಿಡಿದು ಹೊರಟರೆ, ಅದು ನೇರವಾಗಿ ಸಂಡೂರಿನ ಅದಿರಿನ ಬಳಿಗೇ ಕರೆದೊಯ್ಯುತ್ತದೆ.

ಸಂಡೂರಿನ ಬೆಟ್ಟಸಾಲು ಹೊಸಪೇಟೆಯ ಮಗ್ಗುಲಿನಿಂದ ಶುರುವಾಗಿ ಆಗ್ನೇಯ ದಿಕ್ಕಿಗೆ ಚಾಚಿಕೊಂಡಿದೆ. ದೂರದಿಂದ ಒಂದೇ ಗೋಡೆಯಂತೆ ಕಂಡರೂ ಅಲ್ಲಿರುವುದು ಎರಡು ಗೋಡೆ. ಹೆಚ್ಚುಕಡಿಮೆ ಸಮಾನಾಂತರವಾಗಿ ಸಾಗುವ ಎರಡು ಸಾಲುಗಳ ನಡುವೆ ಒಂದು ಕಣಿವೆ, ಆ ಕಣಿವೆಯಲ್ಲಿ ಸಂಡೂರು ಪಟ್ಟಣ. ಎರಡು ತುದಿಗಳಲ್ಲಿ ಗೋಡೆಗಳು ಒಂದಕ್ಕೊಂದು ಹತ್ತಿರವಾಗುವುದರಿಂದ ಮೇಲಿನಿಂದ ನೋಡಿದರೆ ಇಡೀ ಸೀಮೆ ಒಂದು ದೋಣಿಯ ಆಕಾರ. ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವೊಂದು 1949ರವರೆಗೆ ಇಲ್ಲಿ ತನ್ನ ಪಾಡಿಗೆ ತಾನು ಬಾಳಿದ್ದಕ್ಕೆ ಮರಾಠರ, ಮೈಸೂರಿನ, ಇಂಗ್ಲಿಷರ ರಾಜಕೀಯ ಎಷ್ಟು ಕಾರಣವೋ, ಈ ಎರಡು ಗೋಡೆಗಳೂ ಅಷ್ಟೇ ಕಾರಣ ಎನ್ನಬಹುದು.

ಸಾಲಿನ ಅತಿ ಎತ್ತರದ ಜಾಗ ಆಗ್ನೇಯದ ಮೂಲೆಯಲ್ಲಿ, ಕುಮಾರಸ್ವಾಮಿ ದೇವಸ್ಥಾನದ ಮೇಲುಗಡೆ. ಸಮುದ್ರಮಟ್ಟದಿಂದ ಸುಮಾರು 3,400 ಅಡಿ. ಸುತ್ತಲಿನ ಬಯಲು 1,600 ಅಡಿಯ ಆಸುಪಾಸಿನಲ್ಲಿ ಇರುವುದರಿಂದ ಬೆಟ್ಟ ಹತ್ತಿದವರಿಗೆ ಹವೆಯ ವ್ಯತ್ಯಾಸ ಮೈಗೇ ತಿಳಿಯುತ್ತದೆ. ಪಡುವಣ ಗೋಡೆಯ ಮೇಲಿನ ರಾಮನದುರ್ಗದಲ್ಲಿ 19ನೆಯ ಶತಮಾನದ ಇಂಗ್ಲಿಷರು ತಮ್ಮ ಸೈನಿಕರಿಗಾಗಿ ಆರೋಗ್ಯಧಾಮ ಕಟ್ಟಿಕೊಂಡದ್ದು ಇದೇ ತಂಪಿಗಾಗಿ. ಬಳ್ಳಾರಿಯ ದಂಡಿನಲ್ಲಿ ಬೇಸಗೆ ಕಳೆಯುವುದೆಂದರೆ ಏನು ಎಂದು ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಎರಡು ಗೋಡೆಗಳನ್ನು ಅಡ್ಡಡ್ಡಲಾಗಿ ಸೀಳಿಕೊಂಡು ಹೋಗುವುದು ನಾರಿಹಳ್ಳ. ಇದು ಬೆಟ್ಟಸಾಲಿನ ನಿಜವಾದ ಸೋಜಿಗ. ಸಾಧಾರಣವಾಗಿ ಹಳ್ಳವೊಂದು ಕಣಿವೆಯ ಉದ್ದಕ್ಕೆ, ತಗ್ಗು ಹುಡುಕಿಕೊಂಡು ಹರಿಯುತ್ತದೆ. ನಾರಿಹಳ್ಳ ಹಾಗಲ್ಲ. ಪಡುವಣ ಗೋಡೆಯನ್ನು ಓಬಳಗಂಡಿಯಲ್ಲಿ ತೂರಿ ಕಣಿವೆಯ ಒಳಗೆ ಬರುತ್ತದೆ, ಮೂಡಣ ಗೋಡೆಯನ್ನು ಭೀಮಗಂಡಿಯಲ್ಲಿ ತೂರಿ ಹೊರಗೆ ಹೋಗುತ್ತದೆ. ಮುಂದೆ ದರೋಜಿಯ ಕೆರೆಗೆ ನೀರೂಡುವುದೂ ಇದೇ ಹಳ್ಳ. ಓಬಳಗಂಡಿ ಸಂಡೂರು ಪಟ್ಟಣದಿಂದ ಎರಡು ಮೈಲಿ. ಹಳ್ಳ ಹರಿಯುವ ತಳದಲ್ಲಿ ಆ ಗಂಡಿಯ ಅಗಲ ಹದಿನೈದು ಗಜ ಮಾತ್ರ ಎಂದು ಹಳೆಯ ಗ್ಯಾಸೆಟಿಯರ್ ಬರೆದಿಟ್ಟಿದೆ. ಎರಡೂ ಬದಿಯಲ್ಲಿ ಕಡುನೇರಳೆ, ಕಡುಗೆಂಪು ಬಣ್ಣದ ಬಂಡೆ 180 ಅಡಿ ನೆಟ್ಟಗೆ ಎದ್ದಿದೆ. ಹಳ್ಳದ ತುಂಬ ಮೇಲಿನಿಂದ ಕಳಚಿ ಬಿದ್ದ ತುಂಡುಗಳು.

ನೀರು ಇಷ್ಟು ಗಟ್ಟಿ ಬಂಡೆಯನ್ನು ಯಾಕೆ ಕೊರೆಯಿತು, ಸುತ್ತಿಕೊಂಡು ಹೋಗಬಾರದಿತ್ತೇ? ಇದಕ್ಕೆ ಭೂವಿಜ್ಞಾನ ಕೊಡುವ ಉತ್ತರ ಸರಳ: ಹಳ್ಳ ಹರಿಯತೊಡಗಿದಾಗ ಗೋಡೆಗಳು ಇರಲಿಲ್ಲ. ಆಗ ನೆಲದ ಮಟ್ಟ ಈಗಿನ ಬೆಟ್ಟದ ನೆತ್ತಿಯಷ್ಟು ಎತ್ತರದಲ್ಲಿತ್ತು. ಮುಂದೆ ಕೋಟಿಗಟ್ಟಲೆ ವರ್ಷ ಮಳೆ ಗಾಳಿಗೆ ಸುತ್ತಲಿನ ಮೆತ್ತನೆಯ ಕಲ್ಲು ಸವೆದು ಕೆಳಗಿಳಿಯಿತು, ಕಬ್ಬಿಣ ತುಂಬಿದ ಕಲ್ಲು ಸವೆಯದೆ ಉಳಿಯಿತು. ಹಳ್ಳ ತನ್ನ ದಾರಿ ಬಿಡದೆ ಅಷ್ಟಷ್ಟೇ ಕೊರೆಯುತ್ತ ಇಳಿಯಿತು. ಹಾಗಾಗಿ ಈ ಬೆಟ್ಟ ಎದ್ದು ನಿಂತದ್ದು ಎನ್ನುವುದಕ್ಕಿಂತ ಸುತ್ತಲಿನ ನೆಲ ಇಳಿದು ಹೋದಾಗ ಉಳಿದದ್ದು ಎನ್ನುವುದು ಹೆಚ್ಚು ಸರಿ. ಉಳಿಸಿದ್ದು ಯಾವುದು ಎಂದರೆ, ನಾವು ಅದಿರು ಎಂದು ಅಗೆಯುತ್ತಿರುವ ಅದೇ ಪದಾರ್ಥ.

ಆ ಪದಾರ್ಥದ ಹುಟ್ಟು ತೀರ ಹಿಂದಿನದು. ಸಂಡೂರಿನ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷ ವಯಸ್ಸು. ಹಿಮಾಲಯದ ಏರಿಕೆ ಶುರುವಾಗಿ ಐದಾರು ಕೋಟಿ ವರ್ಷವಾಯಿತು ಎನ್ನುವುದನ್ನು ಪಕ್ಕದಲ್ಲಿ ಇಟ್ಟುಕೊಂಡರೆ ಅಂದಾಜು ಸಿಕ್ಕೀತು. ಅಂದು ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಜ್ವಾಲಾಮುಖಿಗಳು ಲಾವಾ ಉಕ್ಕಿಸುತ್ತಿದ್ದವು. ನೀರಿನೊಳಗೆ ಉಕ್ಕಿದ ಲಾವಾ ತಟ್ಟನೆ ತಣಿದು ದಿಂಬಿನ ಆಕಾರದ ಉಂಡೆಗಳಾಗುತ್ತದೆ. ಅಂಥ ದಿಂಬು ಲಾವಾ ನೋಡಬೇಕೆನ್ನುವವರು ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಗೆ ಹೋಗಬಹುದು, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮರಡಿಹಳ್ಳಿಯದೂ ಸಂಡೂರಿನದೂ ಒಂದೇ ಕುಲದ ಕಲ್ಲು. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಕುಲಕ್ಕೆಲ್ಲ ಧಾರವಾಡದ ಹೆಸರನ್ನೇ ಇಟ್ಟ. ಇವತ್ತು ಜಗತ್ತಿನ ಯಾವ ಮೂಲೆಯ ಭೂವಿಜ್ಞಾನದ ವಿದ್ಯಾರ್ಥಿಗೂ ಧಾರವಾಡ ಎಂದರೆ ಮೊದಲು ನೆನಪಾಗುವುದು ಪೇಡೆಯಲ್ಲ.

ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಎಂದೇ ಹೇಳಬೇಕು. ಆಮ್ಲಜನಕವಿಲ್ಲದ ನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ, ಕರಗಿಯೇ ಇರುತ್ತದೆ. ಸಮುದ್ರದಾಳದ ಬಿಸಿ ಊಟೆಗಳಿಂದ ಬಂದ ಕಬ್ಬಿಣ ಹೀಗೆ ಸಾಗರದ ತುಂಬ ಕರಗಿ ನಿಂತಿತ್ತು. ಅದು ತಳ ಸೇರಬೇಕಾದರೆ ಯಾರಾದರೂ ಅದಕ್ಕೆ ಆಮ್ಲಜನಕ ಉಣಿಸಬೇಕು. ಆ ಕೆಲಸದಲ್ಲಿ ಬಿಸಿಲಿನಿಂದ ಬದುಕುವ ಸೂಕ್ಷ್ಮಜೀವಿಗಳ ಪಾಲು ದೊಡ್ಡದು ಎಂದು ವಿಜ್ಞಾನಿಗಳು ನಂಬುತ್ತಾರೆ. ಸಂಡೂರಿನ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳು, ಅಂದರೆ ಅಂಥ ಜೀವಿಗಳು ಪದರದ ಮೇಲೆ ಪದರ ಕಟ್ಟಿ ಬಿಟ್ಟುಹೋದ ಗುರುತುಗಳು, 1980ರ ದಶಕದಲ್ಲಿ ವರದಿಯಾದ ಮೇಲೆ ಈ ಕಣಿವೆಗೆ ಗಣಿಯವರ ಜೊತೆಗೆ ಜೀವದ ಇತಿಹಾಸ ಹುಡುಕುವವರೂ ಬರತೊಡಗಿದರು.

ಮ್ಯಾಂಗನೀಸ್ ಈ ಕಥೆಗೆ ಇನ್ನೊಂದು ತಿರುವು ಕೊಡುತ್ತದೆ. ದೇವಗಿರಿ, ಕಮ್ಮತ್ತೂರು, ಸುಬ್ಬರಾಯನಹಳ್ಳಿಯ ಕಡೆಯ ಗುಡ್ಡಗಳಲ್ಲಿ ಕಬ್ಬಿಣದ ಜೊತೆಗೆ ಮ್ಯಾಂಗನೀಸ್ ಅದಿರೂ ಇದೆ. ರಾಸಾಯನಿಕವಾಗಿ ಇವೆರಡೂ ದಾಯಾದಿಗಳು, ಆದರೆ ಮ್ಯಾಂಗನೀಸ್ ಹಠಮಾರಿ. ಕಬ್ಬಿಣ ತುಸು ಆಮ್ಲಜನಕಕ್ಕೇ ಒಲಿದು ತಳಕ್ಕಿಳಿಯುತ್ತದೆ. ಮ್ಯಾಂಗನೀಸ್ ಅಷ್ಟಕ್ಕೆಲ್ಲ ಜಗ್ಗುವುದಿಲ್ಲ, ಹೆಚ್ಚು ಬೇಡುತ್ತದೆ. ಭೂಮಿಯ ಗಾಳಿಯಲ್ಲಿ ಆಮ್ಲಜನಕ ನೆಲೆನಿಂತದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ ಎಂಬುದು ಈಗಿನ ಲೆಕ್ಕ. ಅದಕ್ಕಿಂತ 30 ಕೋಟಿ ವರ್ಷ ಮೊದಲೇ ಇಲ್ಲಿ ಮ್ಯಾಂಗನೀಸ್ ಪದರ ಕಟ್ಟಿತ್ತೆಂದರೆ, ಈ ಸಮುದ್ರದ ಆಳವಿಲ್ಲದ ಅಂಚುಗಳಲ್ಲಿ ಆಮ್ಲಜನಕದ ಸಣ್ಣ ಸಣ್ಣ ತಾಣಗಳು ಆಗಲೇ ಇದ್ದಿರಬೇಕು. ಲಾರಿ ಲೆಕ್ಕದಲ್ಲಿ ಮಾರಾಟವಾದ ಕಲ್ಲಿನಲ್ಲಿ ಇಂಥ ಪ್ರಶ್ನೆ ಅಡಗಿದೆ ಎನ್ನುವುದು ಸಂಡೂರಿನ ಬಗ್ಗೆ ಬರೆದವರು ಸಾಕಷ್ಟು ಹೇಳದ ಮಾತು.

ಸಮುದ್ರದ ತಳದಲ್ಲಿ ಕೂತದ್ದು ಮಾರುಕಟ್ಟೆಯ ಅದಿರಲ್ಲ. ಅದು ಪಟ್ಟೆಪಟ್ಟೆಯ ಕಲ್ಲು. ಕೈಯಲ್ಲಿ ಹಿಡಿದರೆ ಒಂದು ಗೆರೆ ಉಕ್ಕಿನ ಬೂದುಬಣ್ಣದ ಹೆಮಟೈಟ್ ಎಂಬ ಕಬ್ಬಿಣದ ಖನಿಜ, ಮರುಗೆರೆ ಕೆಂಪು ಜಾಸ್ಪರ್ ಇಲ್ಲವೇ ಬಿಳಿಯ ಸಿಲಿಕ, ಮತ್ತೆ ಬೂದು, ಮತ್ತೆ ಕೆಂಪು. ಕೆಲವು ಗೆರೆ ಬೆರಳಿನಷ್ಟು ದಪ್ಪ, ಕೆಲವು ಉಗುರಿಗಿಂತ ತೆಳು. ಗಣಿಯ ಕಡೆ ಇದಕ್ಕೆ, ಬ್ಯಾಂಡೆಡ್ ಹೆಮಟೈಟ್ ಕ್ವಾರ್ಟ್ಜೈಟ್, ಬ್ಯಾಂಡೆಡ್ ಹೆಮಟೈಟ್ ಜಾಸ್ಪರ್ ಎಂಬುದನ್ನು ಚುಟುಕಾಗಿಸಿ, ಬಿಎಚ್‌ಕ್ಯು, ಬಿಎಚ್‌ಜೆ ಎನ್ನುತ್ತಾರೆ. ಬಲು ಗಟ್ಟಿ. ಸುತ್ತಿಗೆ ಬಿದ್ದರೆ ಸುತ್ತಿಗೆಯೇ ಜಿಗಿಯುತ್ತದೆ. ಕಬ್ಬಿಣದ ಅಂಶ ನೂರಕ್ಕೆ 30ರಿಂದ 40. ಇಷ್ಟು ಬಡ ಕಲ್ಲಿಗೆ ಬಹಳ ಕಾಲ ಯಾರೂ ಬೆಲೆ ಕಟ್ಟಲಿಲ್ಲ.

ಬಡ ಕಲ್ಲನ್ನು ಸಿರಿವಂತ ಮಾಡಿದ್ದು ಮಳೆ. ಪಟ್ಟೆಕಲ್ಲು ಬಾಗಿ, ಮಡಿಚಿ, ನೆಟ್ಟಗೆ ನಿಂತು ನೆಲದ ಮೇಲೆ ತಲೆ ಹಾಕಿದ ಮೇಲೆ, ಬಿಸಿ ಮತ್ತು ತೇವ ಎರಡೂ ಇದ್ದ ದೀರ್ಘಯುಗಗಳಲ್ಲಿ ಮಳೆನೀರು ಆ ಪದರಗಳ ಸಂದಿಗಳಲ್ಲಿ ಇಳಿಯಿತು. ಇಳಿಯುತ್ತ ಸಿಲಿಕದ ಗೆರೆಗಳನ್ನು ಬಲು ನಿಧಾನವಾಗಿ ಕರಗಿಸಿ ಒಯ್ದಿತು. ಕಬ್ಬಿಣ ನೀರಿಗೆ ಜಗ್ಗದೆ ಉಳಿಯಿತು. ನೂರಕ್ಕೆ 35 ಇದ್ದ ಕಬ್ಬಿಣ, ಜೊತೆಗಿದ್ದದ್ದು ಹೊರಟುಹೋದ ಕಾರಣಕ್ಕೆ 60, 65 ಆಯಿತು. ಸಿಲಿಕ ಹೋದ ಜಾಗ ಕುಸಿಯದೆ ಬರಿದಾಗಿ ಉಳಿದಲ್ಲಿ ಹಗುರಾದ, ಪದರಪದರದ ಅದಿರು; ಬರಿದಾದ ಜಾಗದಲ್ಲಿ ಮತ್ತೆ ಕಬ್ಬಿಣ ತುಂಬಿಕೊಂಡಲ್ಲಿ ಗಟ್ಟಿ ಉಂಡೆ ಅದಿರು; ಹಿಡಿದಿಡುವುದು ಏನೂ ಇಲ್ಲದೆ ಉದುರಿದಲ್ಲಿ ನೀಲಿಛಾಯೆಯ ಪುಡಿ, ಗಣಿಯವರ ಬಾಯಲ್ಲಿ ಬ್ಲೂ ಡಸ್ಟ್. ಈ ಪುಡಿಯನ್ನು ಬೊಗಸೆಯಲ್ಲಿ ಎತ್ತಿದರೆ ಮರಳಿಗಿಂತ ನುಣುಪು, ಮರಳಿನ ಎರಡು ಪಟ್ಟು ಭಾರ. ಕೈ ಕೊಡವಿದ ಮೇಲೂ ಗೆರೆಗೆರೆಯಲ್ಲಿ ಮಿಣುಕುತ್ತಿರುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ನೆಲಕ್ಕೆ ಹಾಕುವ ಟೈಲ್ಸಿನ ಹಿಂಬದಿ, ಹೊಳಪಿಲ್ಲದ ಬದಿ, ಬೇಕು. ಅದರ ಮೇಲೆ ಹೆಮಟೈಟ್ ಚೂರನ್ನು ತಿಕ್ಕಿದರೆ ಕಲ್ಲು ಕಪ್ಪಗೆ ಕಂಡರೂ ಬೀಳುವ ಗೆರೆ ಕಾವಿಯ ಕೆಂಪು. ಮ್ಯಾಂಗನೀಸ್ ಚೂರು ತಿಕ್ಕಿದರೆ ಗೆರೆ ಕಪ್ಪು, ಬೆರಳಿಗೆ ಮಸಿ. ದೇವಗಿರಿಯ ಕಡೆ ಹೋಗಿಬಂದವರ ಅಂಗಿಯ ಮೇಲಿನ ಕಲೆ ನೋಡಿ ಅವರು ಯಾವ ಗಣಿಗೆ ಹೋಗಿದ್ದರೆಂದು ಹೇಳಬಹುದು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಮಳೆನೀರು ಮೇಲಿನಿಂದ ಕೆಳಗೆ ಇಳಿದು ಮಾಡಿದ ಕೆಲಸವಾದ್ದರಿಂದ ಒಳ್ಳೆಯ ಅದಿರು ಇರುವುದು ಮೇಲುಗಡೆ. ಕೆಲವೆಡೆ ಹತ್ತಾರು ಮೀಟರ್, ಕೆಲವೆಡೆ ನೂರರ ಆಸುಪಾಸು; ಅದರ ಕೆಳಗೆ ಮತ್ತೆ ಅದೇ ಬಡ ಪಟ್ಟೆಕಲ್ಲು. ಕೋಲಾರದ ಚಿನ್ನಕ್ಕೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಬೇಕಾಯಿತು, ಆದರೆ ಕೋಲಾರದ ನೆಲದ ಮೇಲ್ಮೈ ಅಷ್ಟಿಷ್ಟು ಹಾಗೇ ಉಳಿಯಿತು. ಸಂಡೂರಿನಲ್ಲಿ ಸುರಂಗದ ಮಾತೇ ಇಲ್ಲ. ಅದಿರು ಬೇಕೆಂದರೆ ಬೆಟ್ಟದ ನೆತ್ತಿಯನ್ನೇ ತೆಗೆಯಬೇಕು, ಯಾಕೆಂದರೆ ನೆತ್ತಿಯೇ ಅದಿರು. ಬೆಟ್ಟ ಸವೆಯದೆ ಕಾದುಕೊಂಡದ್ದೂ ಅದೇ, ಮಳೆನೀರು ಹೀರಿ ಇಟ್ಟುಕೊಂಡು ಬುಡದಲ್ಲಿ ಊಟೆಯಾಗಿ ಬಿಡುವುದೂ ಅದೇ. ಸೂಕ್ಷ್ಮ ರಂಧ್ರಗಳಿಂದ ತುಂಬಿದ ಆ ಟೊಪ್ಪಿಗೆಯ ಕೆಳಗೆ ನೀರು ಬಿಡದ ಜೇಡಿಶಿಲೆ ಇದ್ದಲ್ಲಿ, ಎರಡರ ನಡುವಿನಿಂದ ಒರತೆ ಹೊರಡುತ್ತದೆ. ಸಂಡೂರಿನ ಹರಿಶಂಕರ ತೀರ್ಥದ ನೀರನ್ನು ಭಕ್ತರು ಪವಾಡವೆಂದು ಕುಡಿಯುತ್ತಾರೆ. ಭೂವಿಜ್ಞಾನ ಗೊತ್ತಿದ್ದವರೂ ಕುಡಿಯುತ್ತಾರೆ, ರುಚಿ ಇಬ್ಬರಿಗೂ ಒಂದೇ.

ಈ ಸಾಲನ್ನು ಮೊದಲಿಗೆ ಕೂಲಂಕಷವಾಗಿ ಓದಿದವನು ಆಗಲೇ ಹೆಸರಿಸಿದ ಬ್ರೂಸ್ ಫೂಟ್. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯ ಕೆಲಸದ ಮೇಲೆ ಬಂದ ಆತನ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಗ್ರಂಥ 1895ರಲ್ಲಿ ಅಚ್ಚಾಯಿತು. ಕಾಲಿನಡಿಯ ಕಲ್ಲನ್ನು ಮಾತ್ರವಲ್ಲ, ಕಲ್ಲಿನಿಂದ ಮನುಷ್ಯ ಮಾಡಿದ್ದನ್ನೂ ಆತ ಬಿಡುತ್ತಿರಲಿಲ್ಲ. ಬಳ್ಳಾರಿ ಸೀಮೆಯ ಶಿಲಾಯುಗದ ಕೊಡಲಿಗಳನ್ನು, ಕುಡಿತಿನಿಯ ಬೂದಿದಿಬ್ಬವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ ಮೊದಲಿಗರಲ್ಲಿ ಅವನೂ ಒಬ್ಬ. ಮಡಿಕೆ ಬಿದ್ದ ಶಿಲಾಪದರಗಳು ಒಂದು ಗೋಡೆಯಲ್ಲಿ ನೆಟ್ಟಗೆ ಇಳಿದು, ಕಣಿವೆಯ ಅಡಿಯಲ್ಲಿ ಬಾಗಿ ಹಾದು, ಇನ್ನೊಂದು ಗೋಡೆಯಲ್ಲಿ ಮತ್ತೆ ನೆಟ್ಟಗೆ ಏಳುತ್ತವೆ ಎಂಬ ಚಿತ್ರ ಗಟ್ಟಿಯಾದದ್ದು ಆ ತಲೆಮಾರಿನಿಂದ. ಈಚಿನವರು ಅದರಲ್ಲಿ ಇನ್ನೂ ಹಲವು ಮುರಿತ, ಮಡಿಕೆಗಳನ್ನು ಕಂಡು ನಕ್ಷೆಯನ್ನು ಜಟಿಲ ಮಾಡಿದ್ದಾರೆ. ಒಂದು ತಿದ್ದುಪಡಿ ಮುಖ್ಯ. ಸುತ್ತಲಿನ ಗ್ರಾನೈಟ್‌ಗಳೇ ಹಿರಿಯರು, ಅವುಗಳ ಮೇಲೆ ಸಂಡೂರಿನ ಪದರ ಕೂತಿತು ಎಂದು ಹಿಂದಿನವರು ಎಣಿಸಿದ್ದರು. ಈಗಿನ ವಯೋಮಾಪನದ ಪ್ರಕಾರ ನೆರೆಯ ಗ್ರಾನೈಟ್‌ಗಳಲ್ಲಿ ಹಲವು ಸುಮಾರು 250 ಕೋಟಿ ವರ್ಷದವು, ಅಂದರೆ ಕಿರಿಯವು. ಕರಗಿದ ಸ್ಥಿತಿಯಲ್ಲಿ ಕೆಳಗಿನಿಂದ ನುಗ್ಗಿ ಬಂದು ಹಳೆಯ ಪದರಗಳನ್ನು ಒತ್ತರಿಸಿದವು ಅವೇ.

ಕಮ್ಮತ್ತೂರಿನ ಹತ್ತಿರ 150 ಅಡಿ ಎತ್ತರದ ಒಂದು ಏಣು ಪೂರ್ತಿ ಹೆಮಟೈಟ್‌ನದೇ ಎಂದು ಅಂದಿನ ದಾಖಲೆಗಳು ಬೆರಗಿನಿಂದ ಹೇಳುತ್ತವೆ. ಅದಕ್ಕೂ ಬಹಳ ಹಿಂದಿನಿಂದ ಊರಿನವರು ಮೆತ್ತನೆಯ ಅದಿರನ್ನು ಸಣ್ಣ ಕುಲುಮೆಗಳಲ್ಲಿ ಕರಗಿಸಿ ಕಬ್ಬಿಣ ತೆಗೆಯುತ್ತಿದ್ದರು. ಇಂಗ್ಲೆಂಡಿನಿಂದ ಅಗ್ಗದ ಕಬ್ಬಿಣ ಬಂದಿಳಿದ ಮೇಲೆ ಆ ಕುಲುಮೆಗಳು ಆರಿದವು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರಷ್ಯಾದ ಗಲಭೆಗಳಿಂದ ಅಲ್ಲಿನ ಮ್ಯಾಂಗನೀಸ್ ಬರುವುದು ತೊಡಕಾಗಿ, ಯುರೋಪಿನ ಉಕ್ಕಿನವರ ಕಣ್ಣು ಭಾರತದ ಕಡೆ ಹೊರಳಿತು. ಬೆಲ್ಜಿಯಮ್ಮಿನ ಬಂಡವಾಳದ ಕಂಪನಿಯೊಂದು ಸಂಡೂರಿಗೆ ಬಂದದ್ದು ಆ ಕಾಲದಲ್ಲೇ. ದೇವಗಿರಿಯ ಇಂದಿನ ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿದ್ದು 1954ರಲ್ಲಿ. ದೋಣಿಮಲೆಯಲ್ಲಿ ಎನ್‌ಎಂಡಿಸಿಯ ಯಂತ್ರಗಣಿ 1977ರಲ್ಲಿ ಶುರುವಾಯಿತು. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿ 1971ರಲ್ಲೇ ಅಡಿಗಲ್ಲು ಇಟ್ಟಿದ್ದರೂ ಕಾರ್ಖಾನೆ ಎದ್ದದ್ದು 1990ರ ದಶಕದಲ್ಲಿ, ಖಾಸಗಿಯವರ ಕೈಯಲ್ಲಿ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಚೀನಾದ ಬೇಡಿಕೆ ಏರಿ 2003ರ ನಂತರ ಅದಿರಿನ ಬೆಲೆ ಗಗನಕ್ಕೆ ಹೋಯಿತು. ಕಬ್ಬಿಣದ ಅಂಶ ಕಡಿಮೆಯೆಂದು ಹಿಂದೆ ಬದಿಗೆ ಸುರಿದಿದ್ದ ಪುಡಿಗೂ ಗಿರಾಕಿ ಬಂದರು. ಹೊಲದ ಮೇಲೆ ಬಿದ್ದಿದ್ದ ಕೆಂಪು ಕಲ್ಲನ್ನೂ ಆರಿಸಿ ಮಾರಿದರು. ಆಂಧ್ರದ ಗಡಿಯ ಗುಡ್ಡಗಳಲ್ಲಿ ರಾಜ್ಯದ ಎಲ್ಲೆಗೆ ಗುರುತಾಗಿದ್ದ ಸುಗ್ಗಲಮ್ಮನ ಗುಡಿಯೇ 2006ರಲ್ಲಿ ನೆಲಸಮವಾಯಿತು. ಅದಿರಿನ ಪದರಕ್ಕೆ ರಾಜ್ಯದ ಗಡಿ ಗೊತ್ತಿಲ್ಲ ನಿಜ, ಆದರೆ ಗಣಿಯ ಪರವಾನಗಿಗೆ ಗೊತ್ತಿರಬೇಕಿತ್ತು. ಅಕ್ರಮ ಗಣಿಗಾರಿಕೆ ಕುರಿತು ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಎರಡನೆಯ ವರದಿ 2011ರ ಜುಲೈ ಕೊನೆಗೆ ಬಂತು. ಅದೇ ವಾರ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳಿಗೆ ತಡೆ ಹಾಕಿತು. 2013ರ ತೀರ್ಪು ಗಣಿಗಳನ್ನು ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ, ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಬಳ್ಳಾರಿಗೆ ವರ್ಷಕ್ಕೆ ಎರಡೂವರೆ ಕೋಟಿ ಟನ್ನಿನ ಮಿತಿ ಬಂತು. 2022ರಲ್ಲಿ ಅದು ಮೂರೂವರೆ ಕೋಟಿಗೆ ಏರಿತು.

ಹಗರಣದ ಚರ್ಚೆಯಲ್ಲಿ ಕಳ್ಳತನದ್ದೇ ದೊಡ್ಡ ಮಾತಾಯಿತು. ಅದು ಸಹಜ. ಆದರೆ ಕಾನೂನು ಪ್ರಕಾರ ತೆಗೆದ ಅದಿರೂ ಬೆಟ್ಟದ ಅದೇ ಟೊಪ್ಪಿಗೆಯಿಂದ ಬಂದದ್ದು, ಅದು ಮತ್ತೆ ಬೆಳೆಯುವಂಥದಲ್ಲ. ಗಣಿ ಮುಗಿದ ಮೇಲೆ ಮೆಟ್ಟಿಲು ಕಟ್ಟಿ ಗಿಡ ನೆಡುವುದು ಈಗ ಕಡ್ಡಾಯ. ಕೆಲವು ಕಡೆ ಚೆನ್ನಾಗಿಯೇ ಮಾಡಿದ್ದಾರೆ. ಗಿಡ ಬರುತ್ತದೆ, ನೀರು ಹೀರುವ ಅದಿರಿನ ಪದರ ಬರುವುದಿಲ್ಲ. ದೇವದಾರಿ ಗುಡ್ಡದಲ್ಲಿ ಹೊಸ ಗಣಿಗಾಗಿ 99 ಸಾವಿರಕ್ಕೂ ಹೆಚ್ಚು ಮರ ಕಡಿಯಬೇಕಾದೀತು ಎಂಬ ವಿಷಯಕ್ಕೆ ಈಚಿನ ವರ್ಷಗಳಲ್ಲಿ ಎದ್ದ ವಿರೋಧದಲ್ಲಿ ಮರದ ಲೆಕ್ಕ ಹೇಳಿದವರು ಬಹಳ. ಒರತೆಯ ಲೆಕ್ಕವನ್ನೂ ಅದೇ ದನಿಯಲ್ಲಿ ಕೇಳಬೇಕಿತ್ತು.

ಇನ್ನೊಂದು ಬೆಳವಣಿಗೆ ಸದ್ದಿಲ್ಲದೆ ನಡೆದಿದೆ. ಯಾವ ಕಲ್ಲನ್ನು ಅದಿರು ಎನ್ನಬೇಕು ಎಂಬುದನ್ನು ತೀರ್ಮಾನಿಸುವುದು ಕೊಂಡುಕೊಳ್ಳುವವರ ಕುಲುಮೆ. ಮೊದಲು ನೂರಕ್ಕೆ 60ಕ್ಕಿಂತ ಕಡಿಮೆ ಕಬ್ಬಿಣವಿದ್ದ ಕಲ್ಲನ್ನು ಗಣಿಯವರು ಮೂಸುತ್ತಲೂ ಇರಲಿಲ್ಲ. 2009ರಲ್ಲಿ ಇಂಡಿಯನ್ ಬ್ಯೂರೋ ಆಫ್ ಮೈನ್ಸ್ ಕೆಳಮಿತಿಯನ್ನು 45ಕ್ಕೆ ಇಳಿಸಿತು. ತೋರಣಗಲ್ಲಿನ ಕಾರ್ಖಾನೆಯವರು ಬಡ ಅದಿರನ್ನು ಅರೆದು, ತೊಳೆದು, ಉಂಡೆ ಕಟ್ಟಿ ಉಪಯೋಗಿಸುತ್ತಾರೆ. ಇದೇ ದಾರಿಯಲ್ಲಿ ಮುಂದೆ ಹೋದರೆ ಮಳೆ ಮುಟ್ಟದ ಪಟ್ಟೆಕಲ್ಲಿಗೂ ಸರದಿ ಬರುತ್ತದೆ. ಆಗ ಹಳೆಯ ಗಣಿಯ ಗುಂಡಿಯನ್ನೇ ಆಳ ಮಾಡಿಕೊಂಡು ಹೋದರೆ ಸಾಕು, ಹೊಸ ನೆತ್ತಿ ಕೆದಕುವ ಅಗತ್ಯ ಕಡಿಮೆಯಾದೀತು ಎಂದು ಒಂದು ವಾದ. ಗಟ್ಟಿ ಕಲ್ಲನ್ನು ಹಿಟ್ಟು ಮಾಡಲು ಬೇಕಾಗುವ ಕರೆಂಟು, ತೊಳೆಯಲು ಬೇಕಾಗುವ ತುಂಗಭದ್ರೆಯ ನೀರು, ಉಳಿಯುವ ಕೆಸರನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆ, ಇವು ಅದರ ಎದುರಿನ ವಾದ. ಎರಡೂ ಕಡೆ ಹುರುಳಿದೆ. ಹೊಸ ಕಾಡಿಗೆ ಕೈ ಹಾಕುವ ಮೊದಲು ಹಳೆಯ ಗುಂಡಿಗಳ ತಳದಲ್ಲಿ ಎಷ್ಟು ಪಟ್ಟೆಕಲ್ಲು ಉಳಿದಿದೆ ಎಂದು ಕೊರೆದು ನೋಡುವುದು ಮಾತ್ರ ಯಾವ ವಾದಕ್ಕೂ ಕಾಯಬೇಕಾದ ಕೆಲಸವಲ್ಲ.

ಯಾರಿಗಾದರೂ ಹೋಗಿ ನೋಡುವ ಮನಸ್ಸಾದರೆ ಮಳೆಗಾಲದ ಕೊನೆ ಸರಿಯಾದ ಸಮಯ. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದು 1934ರಲ್ಲಿ ಅಲ್ಲಿಗೆ ಬಂದಿದ್ದ ಗಾಂಧೀಜಿ ಹೇಳಿದರೆಂದು ಊರಿನವರು ಇಂದಿಗೂ ಹೇಳುತ್ತಾರೆ. ಕುಮಾರಸ್ವಾಮಿ ಬೆಟ್ಟಕ್ಕೆ ಹೋದವರು ಚಾಲುಕ್ಯರ ಕಾಲದ ಪಾರ್ವತಿ ಗುಡಿಯನ್ನು ನೋಡದೆ ಬರಬಾರದು. ಓಬಳಗಂಡಿಯಲ್ಲಿ ನೀರು ರಭಸವಾಗಿದ್ದರೆ ಹಳ್ಳಕ್ಕೆ ಇಳಿಯದೆ ದಡದಿಂದಲೇ ಬಂಡೆಯ ಪಟ್ಟೆಗಳನ್ನು ನೋಡಬಹುದು. ಮಳೆಯಲ್ಲಿ ತೊಯ್ದಾಗ ಕೆಂಪು ಗೆರೆ, ಬೂದು ಗೆರೆ ಬೇರೆಬೇರೆಯಾಗಿ ಕಾಣುತ್ತವೆ. ಬಿಳಿ ಬಟ್ಟೆ ಹಾಕಿಕೊಂಡು ಹೋಗುವುದು ಬೇಡ.